ಮೊದಲು ಗುಳ್ಳೆ, ಆಮೇಲೆ ಪ್ಲಾಟಿಪಸ್

ಮೊಟ್ಟೆಯಿಟ್ಟು ಮರಿಗೆ ಹಾಲೂಡಿಸುವ ಪ್ರಾಣಿ ಯಾವುದು? ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ. ಪ್ಲಾಟಿಪಸ್ ಎಂದು ಬರೆದರೆ ಅಂಕ ಬಂತು, ಅಲ್ಲಿಗೆ ಪ್ಲಾಟಿಪಸ್ಸಿನ ಕಥೆ ಮುಗಿಯಿತು. ತೀರ್ಥಹಳ್ಳಿ ಸೀಮೆಯ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರು ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದರೋ ಲೆಕ್ಕವಿಲ್ಲ. ಪ್ರತಿ ವರ್ಷವೂ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬಾತುಕೋಳಿಯ ಕೊಕ್ಕು, ನೀರುನಾಯಿಯ ಮೈ, ಸೌಟಿನಂಥ ಅಗಲ ಬಾಲ ಬರೆದು ತೋರಿಸುತ್ತಿದ್ದರು. ತುಂಗೆಯಲ್ಲಿ ಮೀನು ಹಿಡಿಯುವ ನೀರುನಾಯಿಯನ್ನು ಅವರು ಬೇಕಾದಷ್ಟು ಕಂಡವರು. ಹಾಗಾಗಿ ಪ್ಲಾಟಿಪಸ್ಸಿಗೂ ಅದೇ ಗಾತ್ರ ಕೊಟ್ಟಿದ್ದರು.

ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, "ಸಾರ್, ನೀವು ಅದನ್ನ ನೋಡಿದೀರಾ?" ಎಂದುಬಿಟ್ಟ. ಕ್ಲಾಸು ಗೊಳ್ಳೆಂದು ನಕ್ಕಿತು. ಮೇಷ್ಟ್ರು ನಗಲಿಲ್ಲ. "ಇಲ್ಲಪ್ಪ, ನೋಡಿದವರು ಬರೆದಿದ್ದನ್ನ ಓದಿದೀನಿ" ಎಂದರು. ಪ್ರಾಮಾಣಿಕ ಉತ್ತರವೇ. ಆದರೆ ಹುಡುಗನ ಪ್ರಶ್ನೆ ಮಾತ್ರ ಮುಳ್ಳಿನ ತುದಿಯ ಹಾಗೆ ಒಳಗೇ ಉಳಿಯಿತು.

ತಮಾಷೆಯೆಂದರೆ, ಮೊದಲು ಬರೆದವರೂ ಜೀವಂತ ಪ್ಲಾಟಿಪಸ್ಸನ್ನು ನೋಡಿರಲಿಲ್ಲ. 1798ರಲ್ಲಿ ನ್ಯೂ ಸೌತ್ ವೇಲ್ಸ್‌ನ ಗವರ್ನರ್ ಜಾನ್ ಹಂಟರ್ ಇಂಗ್ಲೆಂಡಿಗೆ ಕಳಿಸಿದ್ದು ಒಂದು ಚರ್ಮ ಮತ್ತು ಒಂದು ಚಿತ್ರ. 1799ರಲ್ಲಿ ಅದನ್ನು ವರ್ಣಿಸಿದ ಜಾರ್ಜ್ ಶಾ ಎಂಬ ವಿದ್ವಾಂಸನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಯಾರೋ ಕುಶಲಿಗರು ಬಾತಿನ ಕೊಕ್ಕನ್ನು ಬೇರೊಂದು ಪ್ರಾಣಿಗೆ ಹೊಲಿದಿರಬೇಕೆಂದು ಅನುಮಾನಪಟ್ಟು ಹೊಲಿಗೆ ಹುಡುಕಿದನೆಂಬ ಕಥೆ ಪ್ರಸಿದ್ಧವಾಗಿದೆ. ಮೊಟ್ಟೆಯ ವಿಷಯವಂತೂ ಇನ್ನೂ ಎಂಬತ್ತೈದು ವರ್ಷ ಎಳೆಯಿತು. ಈ ಪ್ರಾಣಿ ಮೊಟ್ಟೆಯಿಡುತ್ತದೆಂದು ಅಲ್ಲಿನ ಮೂಲನಿವಾಸಿಗಳು ಹೇಳುತ್ತಲೇ ಬಂದಿದ್ದರು. ಯುರೋಪಿನ ಪಂಡಿತರು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ 1884ರಲ್ಲಿ ವಿಲಿಯಂ ಕಾಲ್ಡ್‌ವೆಲ್ ಎಂಬ ತರುಣ ವಿಜ್ಞಾನಿ ಕ್ವೀನ್ಸ್‌ಲ್ಯಾಂಡಿನ ಬರ್ನೆಟ್ ನದಿಯ ಬಳಿ ಬೀಡುಬಿಟ್ಟು, ಅದೇ ಮೂಲನಿವಾಸಿಗಳ ನೆರವಿನಿಂದ ಮೊಟ್ಟೆಯನ್ನು ಕಂಡು ತಂತಿ ಕಳಿಸಿದ. ಆ ಒಂದು ನೋಟಕ್ಕೆ ಗುಂಡು ತಿಂದು ಸತ್ತ ಪ್ಲಾಟಿಪಸ್‌ಗಳು ಬಹಳ.

ಮೇಷ್ಟ್ರ ಮಗಳು ಬ್ರಿಸ್ಬೇನ್‌ನಲ್ಲಿ ನೆಲೆಸಿದ್ದಾಳೆ. ಮೂರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋದಾಗ ಅವರ ಮನಸ್ಸಿನಲ್ಲಿದ್ದದ್ದು ಆಪೆರಾ ಹೌಸೂ ಅಲ್ಲ, ಕಾಂಗರೂವೂ ಅಲ್ಲ. ಅಳಿಯ, "ಮೃಗಾಲಯದಲ್ಲಿ ಗಾಜಿನ ತೊಟ್ಟಿಯೊಳಗೇ ಇದೆ ಮಾವ, ಭಾನುವಾರ ಹೋಗಿಬರೋಣ" ಎಂದ. ಮೇಷ್ಟ್ರು ತಲೆಯಾಡಿಸಿದರು. "ಗಾಜಿನ ಒಳಗಿರೋದು ಎಲ್ಲಿಗೂ ಹೋಗಲ್ಲ. ಹೊಳೇಲಿರೋದನ್ನ ನೋಡೋಣ." ಹತ್ತು ವರ್ಷದ ಮೊಮ್ಮಗನಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಅಜ್ಜ-ಮೊಮ್ಮಗನ ನಡುವೆ ಊಟ, ನಿದ್ದೆ, ಸ್ಕೂಲು ಎಂಬ ನಾಲ್ಕು ಮಾತು ಬಿಟ್ಟರೆ ಮೌನವೇ ಹೆಚ್ಚು. ಪ್ಲಾಟಿಪಸ್ ಎಂದಾಗ ಮಾತ್ರ ಹುಡುಗ ಕಿವಿ ನಿಮಿರಿಸಿದ. ಅವನೂ ಅದನ್ನು ಹೊಳೆಯಲ್ಲಿ ಕಂಡಿರಲಿಲ್ಲ. ಆಸ್ಟ್ರೇಲಿಯಾದಲ್ಲೇ ಹುಟ್ಟಿ ಬೆಳೆದವರಲ್ಲೂ ಎಷ್ಟೋ ಜನ ಕಂಡಿರುವುದಿಲ್ಲ.

ಬ್ರಿಸ್ಬೇನ್ ಅಂಚಿನ ಮಾಗಿಲ್ ಕ್ರೀಕ್ ಎಂಬ ಹಳ್ಳದಲ್ಲಿ ಪ್ಲಾಟಿಪಸ್ ಉಂಟು ಎಂದು ಕೇಳಿ ಎರಡು ಸಂಜೆ ಅಲ್ಲಿ ಕುಳಿತದ್ದಾಯಿತು. ಕಂಡದ್ದು ದಂಡೆಯ ಓತಿಗಳು, ಕಾಲ ಬಳಿ ಕೆದಕುವ ಕಾಡುಕೋಳಿಗಳು. ಒಮ್ಮೆ ನೀರಲ್ಲಿ ಏನೋ ಈಜಿತು. ಹುಡುಗ ಕುಣಿದಾಡಿದ. ಬಾಲದ ತುದಿ ಬೆಳ್ಳಗಿತ್ತು: ಅದು ರಾಕಾಲಿ, ಅಲ್ಲಿಯ ನೀರಿಲಿ. ಹೊಸಬರು ಮೋಸಹೋಗುವುದು ಸಾಮಾನ್ಯವಾಗಿ ಇದಕ್ಕೇ. ಕುಣಿದಾಟದ ಸದ್ದಿಗೆ ಅದೂ ಮಾಯವಾಯಿತು.

ಆಮೇಲೆ ಇಬ್ಬರೂ ಕೂತು ಓದಿದರು. ಮೇಷ್ಟ್ರ ಹಳೆಯ ಚಾಳಿ ಎನ್ನಿ, ಜಾಗ ಹುಡುಕುವ ಮೊದಲು ಪ್ರಾಣಿ ಹೇಗೆ ಬದುಕುತ್ತದೆಂದು ತಿಳಿಯಬೇಕು. ಪ್ಲಾಟಿಪಸ್ಸಿನ ಕೊಕ್ಕು ಬಾತಿನದರಂತೆ ಗಟ್ಟಿಯಲ್ಲ, ಮೆತ್ತಗಿನ ತೊಗಲು. ಅದರಲ್ಲಿ ವಿದ್ಯುತ್ತನ್ನು ಗ್ರಹಿಸುವ ಸುಮಾರು 40,000 ಸೂಕ್ಷ್ಮ ಅಂಗಗಳಿವೆ. ನೀರಿಗೆ ಮುಳುಗಿದೊಡನೆ ಕಣ್ಣು, ಕಿವಿ, ಮೂಗು ಮೂರನ್ನೂ ಮುಚ್ಚಿಕೊಂಡು, ತಲೆಯನ್ನು ಆಚೀಚೆ ತೂಗುತ್ತ ತಳವನ್ನು ತಡಕಾಡುತ್ತದೆ. ಸೀಗಡಿಯೋ ಹುಳುವೋ ಮೈ ಅಲುಗಿಸಿದಾಗ ಅದರ ಸ್ನಾಯುವಿನಿಂದ ಹೊಮ್ಮುವ ಅತಿ ಸಣ್ಣ ವಿದ್ಯುತ್ತು ಕೊಕ್ಕಿಗೆ ತಿಳಿಯುತ್ತದೆ. ಸಿಕ್ಕಿದ್ದನ್ನು ಕೆನ್ನೆಯ ಚೀಲಕ್ಕೆ ತುಂಬಿಕೊಳ್ಳುತ್ತದೆ. ಬೆಳೆದ ಪ್ಲಾಟಿಪಸ್ಸಿಗೆ ಹಲ್ಲಿಲ್ಲ. ಮೇಲೆ ಬಂದು ತೇಲುತ್ತ, ಬಾಯೊಳಗಿನ ಗಟ್ಟಿ ಪಟ್ಟಿಗಳಿಂದ ಅರೆದು ನುಂಗಿ, ಮತ್ತೆ ಮುಳುಗುತ್ತದೆ. ಮುಳುಗು ಹೆಚ್ಚಾಗಿ ಅರ್ಧ ನಿಮಿಷದಿಂದ ಎರಡು ನಿಮಿಷದವರೆಗೆ; ಮೇಲಿರುವುದು ಹತ್ತು ಹದಿನೈದು ಸೆಕೆಂಡು. ದಿನಕ್ಕೆ ಹತ್ತು ಹನ್ನೆರಡು ಗಂಟೆ ಇದೇ ಕೆಲಸ.

ಇಷ್ಟು ತಿಳಿದರೆ ಜಾಗ ತಾನಾಗಿಯೇ ತಿಳಿಯುತ್ತದೆ. ರಭಸದ ನೀರು ಬೇಡ, ಬಟ್ಟಬಯಲ ಕೆರೆಯೂ ಬೇಡ. ಎರಡು ಹರಿವಿನ ನಡುವೆ ನೀರು ತಂಗುವ ಮಡು ಬೇಕು. ತಳದಲ್ಲಿ ಕಲ್ಲು, ಬಿದ್ದ ಮರದ ಕೊರಡು ಇದ್ದರೆ ಅಲ್ಲಿ ಹುಳುಹುಪ್ಪಟೆ ಇರುತ್ತದೆ. ದಂಡೆ ಮಣ್ಣಿನದಾಗಿ, ಮರದ ಬೇರುಗಳು ಅದನ್ನು ಹಿಡಿದುಕೊಂಡಿರಬೇಕು. ಬಿಲ ತೋಡುವುದು ಅಲ್ಲೇ. ನೋಡುವವನು ಸ್ವಲ್ಪ ಎತ್ತರದಲ್ಲಿ ಕೂತರೆ ನೀರಿನ ಹೊಳಪು ಕಣ್ಣಿಗೆ ಹೊಡೆಯುವುದಿಲ್ಲ. ನಸುಕು, ಇಲ್ಲವೇ ಮುಸ್ಸಂಜೆ. ಗಾಳಿ ಬೀಸುವ ದಿನ ವ್ಯರ್ಥ, ಮಳೆ ಬಂದು ನೀರು ಕದಡಿದ ದಿನ ಇನ್ನೂ ವ್ಯರ್ಥ. ಹುಡುಕಬೇಕಾದದ್ದು ಪ್ರಾಣಿಯನ್ನಲ್ಲ, ಗುಳ್ಳೆಯನ್ನು. ತಳ ಕೆದಕುತ್ತ ಹೋಗುವಾಗ ಗುಳ್ಳೆಗಳ ಒಂದು ಸಾಲು ಏಳುತ್ತದೆ, ಆಮೇಲೆ ನೀರಿನ ಮೇಲೆ ಉಂಗುರದೊಳಗೆ ಉಂಗುರ, ಅದರ ನಡುವೆ ಕಂದು ಬೆನ್ನು. ಅದು ಮೇಲಿದ್ದಾಗ ಕೂತವರು ಕಲ್ಲಾಗಬೇಕು. ಕೈಕಾಲು ಸರಿಸುವುದಿದ್ದರೆ ಅದು ಮುಳುಗಿದಾಗ ಮಾತ್ರ.

ಜುಲೈನ ಶಾಲಾ ರಜೆಯಲ್ಲಿ ಮಗಳು ಕಾರು ಹೊರಡಿಸಿದಳು. ಬ್ರಿಸ್ಬೇನಿನಿಂದ ಉತ್ತರಕ್ಕೆ ಮೆಕ್ಕೈ ಪಟ್ಟಣ ಹೆಚ್ಚುಕಡಿಮೆ ಸಾವಿರ ಕಿಲೋಮೀಟರ್. ಎರಡು ದಿನದ ಹಾದಿ. ಅಲ್ಲಿಂದ ಒಳನಾಡಿಗೆ 80 ಕಿ.ಮೀ. ಕಬ್ಬಿನ ಗದ್ದೆಗಳ ನಡುವೆ ಸಾಗಿದ ರಸ್ತೆ ಕೊನೆಗೆ ಕಡಿದಾದ ಘಾಟಿ ಏರುತ್ತದೆ. ಆಗುಂಬೆ ಘಾಟಿಯ ತಿರುವುಗಳನ್ನು ಬಲ್ಲ ಮೇಷ್ಟ್ರಿಗೆ ಅದೇನೂ ಹೊಸದೆನಿಸಲಿಲ್ಲ. ಮೇಲಿರುವುದು ಯಂಗೆಲಾ ರಾಷ್ಟ್ರೀಯ ಉದ್ಯಾನ. ಮೋಡಗಳ ನಾಡು ಎಂದು ಆ ಹೆಸರಿನ ಅರ್ಥ ಹೇಳುತ್ತಾರೆ. ಅಲ್ಲಿ ಹರಿಯುವ ಬ್ರೋಕನ್ ರಿವರ್ ಎಂಬ ಸಣ್ಣ ನದಿಯ ದಂಡೆಯಲ್ಲಿ ಪ್ಲಾಟಿಪಸ್ ನೋಡುವುದಕ್ಕೆಂದೇ ಮರದ ಅಟ್ಟಣೆ ಕಟ್ಟಿದ್ದಾರೆ. ಟಿಕೆಟ್ಟಿಲ್ಲ. ದೇಶದಲ್ಲೇ ಭರವಸೆಯ ಜಾಗಗಳಲ್ಲೊಂದು ಎಂದು ಅದಕ್ಕೆ ಹೆಸರು. ಭರವಸೆ ಎಂದರೆ ಖಾತರಿಯಲ್ಲ.

ಅವರಿಗೆ ಅಲ್ಲಿ ಎರಡೇ ರಾತ್ರಿ ತಂಗಲು ಸಾಧ್ಯವಿತ್ತು. ಮುಂದಿನ ವಾರ ಮೇಷ್ಟ್ರು ಬೆಂಗಳೂರಿನ ವಿಮಾನ ಹತ್ತಬೇಕು. ಎಪ್ಪತ್ತಾರರ ವಯಸ್ಸಿನಲ್ಲಿ, ಒಂದು ಕಣ್ಣಿಗೆ ಪೊರೆ ಬಂದಿರುವಾಗ, ಇನ್ನೊಮ್ಮೆ ಬರುತ್ತೇನೆಂದು ಹೇಳುವ ಧೈರ್ಯ ಅವರಿಗಿರಲಿಲ್ಲ. ಮೊದಲ ಸಂಜೆ ನೀರಲ್ಲಿ ತಲೆಯೆತ್ತಿದ್ದೆಲ್ಲ ಆಮೆ. ಪಕ್ಕದಲ್ಲಿ ನಿಂತಿದ್ದವರೂ ಪ್ರತಿ ಸಲ ಉಸಿರು ಬಿಗಿಹಿಡಿದು, ಆಮೇಲೆ ನಗುತ್ತಿದ್ದರು. ಮರುದಿನ ನಸುಕಿನಲ್ಲಿ ಚಳಿಗೆ ಹಲ್ಲು ಕಟಕಟ ಎನ್ನುವಾಗ ಎದ್ದುಹೋದರೆ ನೀರಿನ ಮೇಲೆ ಮಂಜು; ದಂಡೆಯೇ ಕಾಣಲಿಲ್ಲ.

ಕಾಯುವ ಹೊತ್ತಿನಲ್ಲಿ ಪಿಸುಮಾತಲ್ಲೇ ಪಾಠ ನಡೆಯಿತು. ಇದು ಮಡು. ಅದು ಕೊರಡು. ಇದಕ್ಕೆ ಗುಳ್ಳೆ ಅಂತಾರೆ. ಹುಡುಗ ಪ್ರತಿಯೊಂದನ್ನೂ ತುಟಿಯಲ್ಲೇ ಹೇಳಿಕೊಂಡ. ಎರಡನೆಯ ಸಂಜೆ ಐದು ಗಂಟೆಯ ಸುಮಾರಿಗೆ ಅವನು ಅಜ್ಜನ ಸ್ವೆಟರಿನ ತೋಳು ಹಿಡಿದು, ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು ಮೆಲ್ಲಗೆ ಅಂದ: "ಅಜ್ಜ, ಗುಳ್ಳೆ."

ಮೇಷ್ಟ್ರಿಗೆ ಏನೂ ಕಾಣಲಿಲ್ಲ. "ಎಲ್ಲೋ ಪುಟ್ಟ?" ಹುಡುಗ ಬೆರಳು ತೋರಿಸಲಿಲ್ಲ, ತೋರಿಸಬಾರದೆಂದು ಅವನಿಗೆ ಗೊತ್ತಿತ್ತು. "ಕೊರಡು. ಕೊರಡಿಂದ ಈ ಕಡೆ." ಅಲ್ಲಿ ಉಂಗುರಗಳು ಬಿಚ್ಚಿಕೊಂಡವು. ನಡುವೆ ಚಪ್ಪಟೆಯಾದ ಒಂದು ಕಂದು ವಸ್ತು, ಅದರ ಮುಂದೆ ಕೊಕ್ಕು. ಅರೆಯುತ್ತಿತ್ತು. ಬೆನ್ನು ಬಿಲ್ಲಾಗಿ ಬಾಗಿತು, ಇಲ್ಲವಾಯಿತು.

"ಇಷ್ಟೇ ಇಷ್ಟಿದೆಯಲ್ಲೋ!" ಎಂದರು ಮೇಷ್ಟ್ರು. ಮೊದಲ ಸಲ ಕಂಡವರೆಲ್ಲ ಆಡುವ ಮಾತು ಅದೇ ಇರಬೇಕು. ಬೋರ್ಡಿನ ಮೇಲೆ ಅದನ್ನು ಎಷ್ಟು ದೊಡ್ಡದಾಗಿ ಬರೆಯಬಹುದೋ ಅಷ್ಟು ಬರೆಯಬಹುದು. ನಿಜವಾದದ್ದು ಬಾಲವೂ ಸೇರಿ ಹೆಚ್ಚಾಗಿ ಅರ್ಧ ಮೀಟರಿನ ಆಸುಪಾಸು, ತೂಕ ಒಂದು-ಎರಡು ಕಿಲೋ. ಗಂಡಿನ ಹಿಂಗಾಲಲ್ಲಿ ಹುಂಜದ ಕಾಲಿನದರಂಥ ವಿಷದ ಮುಳ್ಳು ಇದೆ ಎಂಬುದನ್ನು ಮಾತ್ರ ಆ ದೂರದಿಂದ ನಂಬಿಕೊಳ್ಳಬೇಕಷ್ಟೆ. ಹುಡುಗ ವಾಚು ನೋಡುತ್ತ ಮುಳುಗುಗಳನ್ನು ಎಣಿಸಿದ. ಕತ್ತಲಾಗುವ ಹೊತ್ತಿಗೆ ಇಪ್ಪತ್ಮೂರು. ಅತಿ ಉದ್ದದ್ದು ಎಪ್ಪತ್ತೊಂದು ಸೆಕೆಂಡು. ಅಷ್ಟೂ ಹೊತ್ತು ಮಗಳು ಪ್ಲಾಟಿಪಸ್ಸಿಗಿಂತ ಹೆಚ್ಚಾಗಿ ಇವರಿಬ್ಬರನ್ನೇ ನೋಡುತ್ತಿದ್ದಳು.

ಆ ರಾತ್ರಿ ಊಟ ಮಾಡುವಾಗ ಇನ್ನೊಂದು ಪ್ರಾಣಿಯ ಮಾತು ಬಂತು. ಇದೇ ಯಂಗೆಲಾ ಕಾಡಿನ ತೊರೆಗಳಲ್ಲಿ 1984ರ ಜನವರಿಯಲ್ಲಿ ಒಂದು ಜಾತಿಯ ಕಪ್ಪೆ ಪತ್ತೆಯಾಯಿತು. ಹೆಣ್ಣುಕಪ್ಪೆ ತನ್ನ ಮೊಟ್ಟೆಗಳನ್ನು ನುಂಗಿ, ಹೊಟ್ಟೆಯೊಳಗೇ ಮರಿ ಬೆಳೆಸಿ, ಬಾಯಿಯಿಂದ ಹೊರಹಾಕುತ್ತಿತ್ತು. ಅಷ್ಟು ಕಾಲ ಜಠರದ ಆಮ್ಲ ಸುಮ್ಮನಿರುವುದು ಹೇಗೆಂದು ವೈದ್ಯಲೋಕಕ್ಕೂ ಕುತೂಹಲವಿತ್ತು. 1985ರ ಮಾರ್ಚಿನ ನಂತರ ಆ ಕಪ್ಪೆಯನ್ನು ಕಾಡಿನಲ್ಲಿ ಯಾರೂ ಕಂಡಿಲ್ಲ. ಸಿಕ್ಕಿ ಒಂದೇ ವರ್ಷದ ಮೇಲೆ ಚಿಲ್ಲರೆ ದಿನ. ರಾಷ್ಟ್ರೀಯ ಉದ್ಯಾನವೂ ಇತ್ತು, ನೀರೂ ಇತ್ತು. "ಹಾಗಾದ್ರೆ ಪ್ಲಾಟಿಪಸ್?" ಎಂದು ಹುಡುಗ ಕನ್ನಡದಲ್ಲೇ ಕೇಳಿದ. ಮೇಷ್ಟ್ರು ಕೂಡಲೇ ಉತ್ತರ ಹೇಳಲಿಲ್ಲ.

ಹೇಳುವುದು ಸುಲಭವೂ ಅಲ್ಲ. ತುಪ್ಪಳಕ್ಕಾಗಿ ಅದನ್ನು ಕೊಲ್ಲುವುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾನೂನಿನಿಂದ ನಿಂತಿತು. ಆದರೆ 2016ರಲ್ಲಿ ಅಂತರರಾಷ್ಟ್ರೀಯ ಕೆಂಪುಪಟ್ಟಿ ಪ್ಲಾಟಿಪಸ್ಸನ್ನು ಅಪಾಯದ ಅಂಚಿಗೆ ಹತ್ತಿರದ ಪ್ರಾಣಿಯೆಂದು ಗುರುತಿಸಿತು. 2021ರಲ್ಲಿ ವಿಕ್ಟೋರಿಯಾ ರಾಜ್ಯ ಅದನ್ನು ಅಳಿವಿನ ಭೀತಿಯ ಪಟ್ಟಿಗೆ ಸೇರಿಸಿತು. ಬರ, ಅಣೆಕಟ್ಟು, ದಂಡೆಯ ಮರ ಕಡಿಯುವುದು ಇವೆಲ್ಲ ದೊಡ್ಡ ಕಾರಣಗಳು. ಚಿಕ್ಕದೂ ಒಂದಿದೆ: ಯಾಬಿ ಎಂಬ ಸಿಹಿನೀರ ಸೀಗಡಿ ಹಿಡಿಯಲು ನೀರಿಗೆ ಬಿಡುವ ಮುಚ್ಚಿದ ಬಲೆ. ಒಳಹೊಕ್ಕ ಪ್ಲಾಟಿಪಸ್ ಉಸಿರಿಗೆ ಮೇಲೆ ಬರಲಾಗದೆ ಕೆಲವೇ ನಿಮಿಷದಲ್ಲಿ ಸಾಯುತ್ತದೆ. ವಿಕ್ಟೋರಿಯಾ 2019ರಲ್ಲಿ, ನ್ಯೂ ಸೌತ್ ವೇಲ್ಸ್ 2021ರಲ್ಲಿ ಇಂಥ ಬಲೆಯನ್ನು ನಿಷೇಧಿಸಿದವು. ಗೆದ್ದದ್ದೂ ಉಂಟು. ಸಿಡ್ನಿಯ ದಕ್ಷಿಣಕ್ಕಿರುವ ರಾಯಲ್ ನ್ಯಾಷನಲ್ ಪಾರ್ಕಿನಲ್ಲಿ ಅರ್ಧ ಶತಮಾನ ಕಾಣೆಯಾಗಿದ್ದ ಪ್ಲಾಟಿಪಸ್ಸನ್ನು 2023ರಲ್ಲಿ ಬೇರೆಡೆಯಿಂದ ತಂದು ಬಿಟ್ಟರು.

ಮಕ್ಕಳ ಮನೆಗೆಂದು ಆಸ್ಟ್ರೇಲಿಯಾಕ್ಕೆ ಹೋಗುವ ತಂದೆತಾಯಿಗಳು ಈಗ ಕಡಿಮೆಯಲ್ಲ. ಅವರು ಮಾಲ್‌ಗಳನ್ನು ಸುತ್ತುವ ಒಂದೆರಡು ದಿನವನ್ನು ಇದಕ್ಕೆ ಕೊಡಬಹುದು. ಮೆಲ್ಬರ್ನ್ ಕಡೆಯವರಿಗೆ ಆಟ್ವೇ ಕಾಡಿನ ಲೇಕ್ ಎಲಿಜಬೆತ್ ಇದೆ. 1952ರಲ್ಲಿ ಗುಡ್ಡ ಕುಸಿದು ನದಿಗೆ ಅಡ್ಡಬಿದ್ದು ಆದ ಸರೋವರ ಅದು. ಸತ್ತ ಮರಗಳ ನಡುವೆ ನಸುಕಿನಲ್ಲಿ ದೋಣಿಯಲ್ಲಿ ಹೋಗಿ ನೋಡುತ್ತಾರೆ. ಉತ್ತರ ಕ್ವೀನ್ಸ್‌ಲ್ಯಾಂಡಿಗೆ ಹೋದವರಿಗೆ ಯಂಗಬುರಾ ಊರಿನ ಪೀಟರ್‌ಸನ್ ಕ್ರೀಕ್, ಟಾಸ್ಮೇನಿಯಾಕ್ಕೆ ಹೋದವರಿಗೆ ಬರ್ನಿ ಪಟ್ಟಣದ ಫರ್ನ್ ಗ್ಲೇಡ್. ಟಾಸ್ಮೇನಿಯಾದವು ಗಾತ್ರದಲ್ಲೂ ಸ್ವಲ್ಪ ದೊಡ್ಡವು. ಟಾರ್ಚು, ನಾಯಿ, ಜೋರು ಮಾತು ಮೂರನ್ನೂ ಬಿಟ್ಟುಹೋಗಬೇಕು. ಅಷ್ಟು ಮಾಡಿಯೂ ಕಾಣದಿದ್ದರೆ ಅಂಗಡಿಯಲ್ಲಿ ಚಿಲ್ಲರೆ ಪಡೆಯುವಾಗ ಇಪ್ಪತ್ತು ಸೆಂಟಿನ ನಾಣ್ಯ ತಿರುಗಿಸಿ ನೋಡಿ. 1966ರಿಂದ ಅದರ ಮೇಲೆ ಒಂದು ಪ್ಲಾಟಿಪಸ್ ಈಜುತ್ತಿದೆ, ಸುತ್ತ ನೀರಿನ ಗೆರೆಗಳೂ ಇವೆ.