ತಂತಿ, ದಂಡಿ, ಕುದುರೆ

ಗಿಟಾರನ್ನು ನುಡಿಸುವುದಕ್ಕಿಂತ ಅದನ್ನು ಹದಗೊಳಿಸುವುದರಲ್ಲಿಯೇ ಹೆಚ್ಚು ಕಾಲವನ್ನು ಕಳೆಯುವವನನ್ನು ಸಂಗೀತಗಾರನೆನ್ನಲು ಸಂಗೀತಗಾರರು ಒಪ್ಪಲಾರರು. ಬಡಗಿಯೆನ್ನಲು ಬಡಗಿಗಳಂತೂ ಸುತರಾಂ ಒಪ್ಪಲಾರರು. ಭಾನುವಾರದ ಬೆಳಗಿನಲ್ಲಿ ಮೇಜಿನ ಮೇಲೆ ಹಳೆಯ ಕಂಬಳಿಯೊಂದನ್ನು ಹಾಸಿ, ಅದರ ಮೇಲೆ ವಾದ್ಯವನ್ನು ಅಂಗಾತ ಮಲಗಿಸಿ, ಉಕ್ಕಿನ ಅಳತೆಪಟ್ಟಿ, ಫೀಲರ್ ಗೇಜು, ಅಲೆನ್ ಕೀ, ಸಣ್ಣ ಅರ, ಉಪ್ಪುಕಾಗದಗಳನ್ನು ಸಾಲಾಗಿ ಜೋಡಿಸಿಕೊಂಡು ಕುಳಿತಾಗ, ಕಾಫಿ ತಂದಿಟ್ಟ ನನ್ನಾಕೆ “ಇವತ್ತಾದ್ರೂ ನುಡಿಸ್ತೀರಾ, ಇಲ್ಲ ಬರೀ ಅಳೆಯೋದೇನಾ?” ಎಂದು ಕೇಳುವುದುಂಟು. ನ್ಯಾಯವಾದ ಪ್ರಶ್ನೆಯೇ. ಆದರೆ ಅಳೆಯುವುದರಲ್ಲಿಯೂ ಒಂದು ರಸವಿದೆಯೆಂದೂ, ಅದು ನುಡಿಸುವುದರ ರಸಕ್ಕೆ ಹೊರತಾದುದಲ್ಲವೆಂದೂ ಎದುರಿಗೆ ನಿಂತು ವಾದಿಸುವಷ್ಟು ವಾಗ್ವೈಭವವು ನನಗಿಲ್ಲವಾದ್ದರಿಂದ ಈ ಪ್ರಬಂಧವನ್ನು ಬರೆಯಬೇಕಾಯಿತು.

ಅಂಗಡಿಯಿಂದ ಮನೆಗೆ ಬಂದ ಗಿಟಾರು ಸರ್ವಸಿದ್ಧವಾದ ವಾದ್ಯವೆಂದೇ ಸಾಮಾನ್ಯವಾದ ಭಾವನೆ. ವಾಸ್ತವವಾಗಿ ಅದನ್ನು ನಿರ್ಮಿಸಿದವನು ತನ್ನ ಕೆಲಸದ ಕಟ್ಟಕಡೆಯ ಅಂಶವೊಂದನ್ನು ಉಳಿಸಿಯೇ ಕಳುಹಿಸಿರುತ್ತಾನೆ. ಕೊಳ್ಳುವವನ ಬೆರಳು ಮೃದುವೋ ಕಠಿನವೋ, ಅವನು ಮೆಲ್ಲನೆ ಮೀಟುವವನೋ ರಭಸದಿಂದ ಬಾರಿಸುವವನೋ, ಅವನ ಊರು ಮಂಗಳೂರಿನಂತೆ ಜಲಸಿಕ್ತವೋ ರಾಯಚೂರಿನಂತೆ ಶುಷ್ಕವೋ ಎಂಬುದೊಂದನ್ನೂ ಅರಿಯದ ಆತನು ತಂತಿಗಳನ್ನು ಸಾಮಾನ್ಯವಾಗಿ ತುಸು ಎತ್ತರದಲ್ಲಿಯೇ ನಿಲ್ಲಿಸುತ್ತಾನೆ. ಏಕೆಂದರೆ ಎತ್ತರವಾದುದನ್ನು ಉಜ್ಜಿ ತಗ್ಗಿಸಬಹುದು, ಉಜ್ಜಿಹೋದುದನ್ನು ಮರಳಿ ಬೆಳೆಸಲಾಗದು. ಕಲಿಯಹೊರಟವನ ಬೆರಳ ತುದಿಗಳು ಕೆಂಪಾಗಿ, ಈ ವಿದ್ಯೆಯು ತನಗೆ ದಕ್ಕತಕ್ಕದ್ದಲ್ಲವೆಂದು ಅವನು ವಾದ್ಯವನ್ನು ಅಟ್ಟಕ್ಕೇರಿಸಿದಾಗ, ಪ್ರತಿಭೆಯ ದಾರಿದ್ರ್ಯದ ಮೇಲೆ ಹೊರಿಸಿದ ಆ ಅಪವಾದವು ಎಷ್ಟೋ ವೇಳೆ ಒಂದು ಮಿಲಿಮೀಟರಿನಷ್ಟು ಹೆಚ್ಚುವರಿ ಎತ್ತರಕ್ಕೆ ಸಲ್ಲತಕ್ಕದ್ದು.

ಆ ಎತ್ತರವನ್ನು ತಿದ್ದಹೊರಟವನು ಮೊದಲು ಅರಿಯಬೇಕಾದದ್ದು, ನಿಶ್ಚಲವಾಗಿ ಗೋಡೆಗೊರಗಿ ನಿಂತಿರುವ ಈ ವಾದ್ಯದೊಳಗೆ ಹಗಲಿರುಳೂ ನಡೆಯುತ್ತಿರುವ ಬಲಗಳ ವ್ಯಾಜ್ಯವನ್ನು. ಸಾಧಾರಣ ದಪ್ಪದ ಆರು ಉಕ್ಕಿನ ತಂತಿಗಳು ಶ್ರುತಿಗೇರಿದಾಗ ಅವುಗಳ ಒಟ್ಟು ಸೆಳೆತವು 70 ಕಿಲೋಗ್ರಾಂಗೂ ಮಿಗಿಲು; ಪ್ರಾಪ್ತವಯಸ್ಕನೊಬ್ಬನು ಸದಾ ಜೋತುಬಿದ್ದಿರುವಷ್ಟು ಭಾರ. ಇಂತಹ ಸೆಳೆತಕ್ಕೆ ತೆಳುವಾದ ದಂಡಿಯು ಮುಂದಕ್ಕೆ ಬಾಗದೆ ಹೇಗಿದ್ದೀತು? ಅದನ್ನು ಹಿಂದಕ್ಕೆಳೆಯುವುದಕ್ಕಾಗಿ ದಂಡಿಯ ಗರ್ಭದಲ್ಲಿ ಉಕ್ಕಿನ ಸಲಾಕೆಯೊಂದನ್ನು ಹುದುಗಿಸಿ, ತಿರುಗಿಸಿದಂತೆ ಬಿಗಿಯುವ ವ್ಯವಸ್ಥೆಯನ್ನು ಗಿಬ್ಸನ್ ಕಾರ್ಖಾನೆಯ ಥಡ್ಡಿಯಸ್ ಮೆಕ್‌ಹ್ಯೂ ರೂಪಿಸಿದರು. 1923ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಅದೇ ಇಂದಿನ ಟ್ರಸ್ ರಾಡ್. ದಂಡಿಯು ಸರಳರೇಖೆಯಂತೆ ನೆಟ್ಟಗಿರಬೇಕೆಂದು ನೋಡಿದವರಿಗೆ ತೋರುವುದು ಸಹಜ. ಆದರೆ ಮೀಟಿದ ತಂತಿಯು ತನ್ನ ನಡುವಿನಲ್ಲಿ ಅತಿ ಅಗಲವಾಗಿ ತೂಗುವುದರಿಂದ ಅದಕ್ಕೆ ಅಲ್ಲಿಷ್ಟು ಅವಕಾಶವಿರಲೇಬೇಕು. ದಪ್ಪ ತಂತಿಯನ್ನು ದಂಡಿಯ ಮೊದಲನೆಯ ಮೆಟ್ಟಿಲಿನಲ್ಲಿಯೂ (ಫ್ರೆಟ್ಟಿನಲ್ಲಿಯೂ) ಒಡಲು ಕೂಡುವ ಹದಿನಾಲ್ಕನೆಯ ಮೆಟ್ಟಿಲಿನಲ್ಲಿಯೂ ಒತ್ತಿ ಹಿಡಿದರೆ ಆ ತಂತಿಯೇ ಅಳತೆಗೋಲಾಗುತ್ತದೆ. ಆಗ ಏಳನೆಯ ಮೆಟ್ಟಿಲಿನ ಮೇಲೆ ಕಾಣುವ ಅಂತರವು 0.2 ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ ಕ್ಷೇಮ. ಹೆಚ್ಚಿದ್ದರೆ ಅಲೆನ್ ಕೀಯನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿ, ತಂತಿಗಳನ್ನು ಮತ್ತೆ ಶ್ರುತಿಗೂಡಿಸಿ, ಮರವು ಹೊಸ ಸ್ಥಿತಿಗೆ ಒಗ್ಗಿಕೊಳ್ಳುವವರೆಗೆ ಕಾಯತಕ್ಕದ್ದು. ಆತುರಗಾರನಿಗೆ ಈ ಕಾಲು ಸುತ್ತು ಪ್ರಾಣಸಂಕಟ. ನನಗಾದರೋ ಇನ್ನೊಂದು ಲೋಟ ಕಾಫಿಗೆ ಸಕಾರಣವಾದ ವಿರಾಮ.

ದಂಡಿಯ ತರುವಾಯ ನಟ್ಟು, ನಟ್ಟಿನ ತರುವಾಯ ಕುದುರೆ, ಎಂದರೆ ಬ್ರಿಡ್ಜು. ಈ ಅನುಕ್ರಮವನ್ನು ಮೀರಿದರೆ ಒಂದೆಡೆ ತಿದ್ದಿದ್ದು ಇನ್ನೊಂದೆಡೆ ಕೆಡುತ್ತದೆ. ತಂತಿಗಳು ಬಿರಡೆಗಳಿಂದಿಳಿದು ಹಾಯುವ ನಟ್ಟಿನ ಗಾಡಿಗಳು ಆಳ ಸಾಲದೆ ಹೋದರೆ ಮೊದಲ ಮೆಟ್ಟಿಲಿನಲ್ಲಿ ಬೆರಳೂರುವುದೇ ಸಾಹಸವಾದೀತು. ಆಳ ಹೆಚ್ಚಿದರೆ ಬಿಡುತಂತಿಯು ಗರಗರನೆ ಗೊಣಗೀತು. ಎರಡನೆಯ ಮತ್ತು ಮೂರನೆಯ ಮೆಟ್ಟಿಲುಗಳ ನಡುವೆ ತಂತಿಯನ್ನೊತ್ತಿ, ಮೊದಲನೆಯದರ ಮೇಲೆ ಕೂದಲೆಳೆಯಷ್ಟು ಬೆಳಕು ಕಾಣುವುದೋ ಎಂದು ನೋಡುವುದು ಇದರ ಪರೀಕ್ಷೆ. ಗಾಡಿಯಲ್ಲಿ ತಂತಿಯು ಕಚ್ಚಿಕೊಂಡು ಟಕ್ಕೆಂದು ಜಿಗಿಯುತ್ತಿದ್ದರೆ ಸೀಸದಕಡ್ಡಿಯ ಪುಡಿಯನ್ನಿಷ್ಟು ಸವರಿದರೆ ಸಾಕು. ಕುದುರೆಯ ಮೇಲೆ ಕುಳಿತ ಎಲುಬಿನ ಸ್ಯಾಡಲ್ಲಿನ ವಿಷಯದಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಹನ್ನೆರಡನೆಯ ಮೆಟ್ಟಿಲು ತಂತಿಯ ಉದ್ದದ ನಟ್ಟನಡುವಿನಲ್ಲಿರುವುದರಿಂದ, ಅಲ್ಲಿ ಅರ್ಧ ಮಿಲಿಮೀಟರು ಇಳಿಯಬೇಕಾದರೆ ಸ್ಯಾಡಲ್ಲಿನ ಬುಡದಿಂದ ಒಂದು ಮಿಲಿಮೀಟರನ್ನು ತೆಗೆಯಬೇಕು. ಪೆನ್ಸಿಲಿನಿಂದ ಗೆರೆಯೆಳೆದು, ಸಮತಲವಾದ ಗಾಜಿಗೆ ಅಂಟಿಸಿದ ಉಪ್ಪುಕಾಗದದ ಮೇಲೆ ಅದನ್ನು ಒಂದೇ ಹದವಾದ ಒತ್ತಡದಿಂದ ಮುಂದಕ್ಕೂ ಹಿಂದಕ್ಕೂ ಎಳೆಯುತ್ತಿರುವಾಗ, ಬಿಳಿಯ ಹುಡಿಯು ಸಣ್ಣಗೆ ಉದುರಿ, ಗೆರೆಯು ಅಂಚಿನ ಸಮೀಪಕ್ಕೆ ಸರಿದು ಬರುವುದನ್ನು ನೋಡುವ ಆನಂದವು ಜಪದ ಏಕಾಗ್ರತೆಗೆ ಕಡಮೆಯಾದುದಲ್ಲ.

ಇಷ್ಟಾದ ಮೇಲೆ ಶ್ರುತಿಶುದ್ಧಿಯ ಪ್ರಶ್ನೆ. ಇಲ್ಲಿಂದಾಚೆಗೆ ಅಳತೆಪಟ್ಟಿಯು ಕಿವಿಗೆ ದಾರಿ ಬಿಡಬೇಕು. ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿ ಹೊರಡಿಸಿದ ಸ್ವರವೂ ಅಲ್ಲಿಯೇ ಒತ್ತಿ ನುಡಿಸಿದ ಸ್ವರವೂ ಒಂದೇ ಆಗಿರತಕ್ಕದ್ದು. ಆದರೆ ಒತ್ತಿದ ತಂತಿಯು ಹಿಗ್ಗುವುದರಿಂದ ಸ್ವರವು ತುಸು ಏರುತ್ತದೆ, ದಪ್ಪ ತಂತಿಗಳಲ್ಲಿ ಇನ್ನಷ್ಟು ಏರುತ್ತದೆ. ಸ್ಯಾಡಲ್ಲು ಓರೆಯಾಗಿ ಕುಳಿತಿರುವುದು ಆ ದಪ್ಪ ತಂತಿಗಳಿಗೆ ತುಸು ಹೆಚ್ಚಿನ ಉದ್ದವನ್ನು ದಯಪಾಲಿಸುವುದಕ್ಕಾಗಿಯೇ. ಗೆಲಿಲಿಯೋನ ತಂದೆಯೂ ಸ್ವತಃ ಲ್ಯೂಟ್ ವಾದಕನೂ ಆಗಿದ್ದ ವಿನ್ಚೆನ್ಸೋ ಗೆಲಿಲಿ 1581ರ ತನ್ನ ಗ್ರಂಥದಲ್ಲಿ, ಉಳಿದ ತಂತಿಯ ಹದಿನೆಂಟನೆಯ ಒಂದು ಭಾಗಕ್ಕೆ ಒಂದೊಂದು ಮೆಟ್ಟಿಲಿನಂತೆ ಕಟ್ಟುವ ಸೂತ್ರವನ್ನು ಕೊಟ್ಟನು. ಇಂದಿನ ಸೂಕ್ಷ್ಮಗಣಿತದ ಪ್ರಕಾರ ಆ ಸಂಖ್ಯೆಯು 17.817, ಗೆಲಿಲಿಯ ಸೂತ್ರದಂತೆ ನಡೆದರೆ 645 ಮಿಲಿಮೀಟರ್ ತಂತಿಯ ಹನ್ನೆರಡನೆಯ ಮೆಟ್ಟಿಲು ನಡುಮಧ್ಯಕ್ಕಿಂತ ಎರಡು ಮಿಲಿಮೀಟರಿಗೂ ಮಿಗಿಲಾಗಿ ಹಿಂದೆಯೇ ನಿಂತುಬಿಡುತ್ತದೆ. ಆದರೆ ಒತ್ತಿದಾಗ ಏರುವ ಶ್ರುತಿಗೆ ಈ ಕೊರತೆಯೇ ಪರಿಹಾರವಾಗಿ ಒದಗುತ್ತಿತ್ತು! ಗಣಿತದ ತಪ್ಪು ಹಸ್ತದ ತಪ್ಪನ್ನು ತಿದ್ದುವ ಇಂತಹ ಪ್ರಸಂಗವನ್ನು ಕಂಡಾಗ ಕರಕುಶಲಿಗಳ ವಿಷಯದಲ್ಲಿ ನನ್ನ ಗೌರವವು ಇಮ್ಮಡಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಗಿಟಾರಿನಲ್ಲಿ ಪೂರ್ಣ ಶುದ್ಧವಾದ ಸ್ವರಗಳು ದೊರೆಯವು. ತಂಬೂರಿಯ ಮಂದ್ರ ಷಡ್ಜದಿಂದ ತಾನಾಗಿ ಹೊಮ್ಮುವ ಅಂತರಗಾಂಧಾರವನ್ನು ಕೇಳಿದ ಕಿವಿಗೆ ಗಿಟಾರಿನ ಗಾಂಧಾರವು ಸ್ವರಾಂತರದ ಅಳತೆಯಲ್ಲಿ ಸುಮಾರು 14 ಸೆಂಟಿನಷ್ಟು ಏರಿದೆಯೆಂಬುದು ಬೇಗ ಗೋಚರಿಸುತ್ತದೆ. ಸಪ್ತಕವನ್ನು ಹನ್ನೆರಡು ಸಮಭಾಗಗಳಾಗಿ ಹಂಚಿದ ಮೇಲೆ, ಅವಿಭಕ್ತ ಕುಟುಂಬದ ಅಣ್ಣತಮ್ಮಂದಿರಂತೆ ಪ್ರತಿಯೊಂದು ಸ್ವರವೂ ತನ್ನ ಹಕ್ಕನ್ನು ಕಿಂಚಿತ್ ಬಿಟ್ಟುಕೊಟ್ಟ ಹೊರತು ಎಲ್ಲ ಮೇಳಗಳೂ ಒಂದೇ ಸೂರಿನಡಿ ಬಾಳಲಾರವು. ನಮ್ಮ ವೀಣೆಯವರು ಈ ರಾಜಿಗೆ ಅಷ್ಟು ಸುಲಭವಾಗಿ ಸಹಿ ಹಾಕಿದವರಲ್ಲ. ಕಪ್ಪು ಮೇಣದ ದಿಂಡಿನ ಮೇಲೆ 24 ಮೆಟ್ಟಿಲುಗಳನ್ನು ಒಂದೊಂದಾಗಿ ಸರಿಸಿ, ಕಿವಿ ಒಪ್ಪಿದ ಸ್ಥಾನದಲ್ಲಿಯೇ ಕೂರಿಸುವ ಸ್ವಾತಂತ್ರ್ಯವು ಅವರದು. ಬೇಸಗೆಯ ತಾಪಕ್ಕೆ ಮೇಣವು ಮೆತ್ತಗಾಗಿ ಮೆಟ್ಟಿಲು ಜರುಗಿದರೆ ಮತ್ತೆ ಕಟ್ಟಿಸಿಕೊಳ್ಳುವ ಕಷ್ಟವೂ ಅವರದೇ. ಗಿಟಾರಿನವನು ಆ ಸ್ವಾತಂತ್ರ್ಯವನ್ನು ಮಾರಿ ಸ್ಥಿರತೆಯನ್ನು ಕೊಂಡವನು. ಆದರೂ ಕಡೆಯ ಸೂಕ್ಷ್ಮ ತಿದ್ದುಪಡಿಯಲ್ಲಿ ಇಬ್ಬರ ಕಿವಿಗಳೂ ಒಂದೇ ಬಗೆಯಲ್ಲಿ ನಿಮಿರುತ್ತವೆ.

ಕೊಂಡ ಆ ಸ್ಥಿರತೆಯಾದರೂ ಶಾಶ್ವತವೇ? ಮರವು ಕಡಿದ ಮೇಲೂ ಉಸಿರಾಡುತ್ತದೆ. ನನ್ನ ಗಿಟಾರಿನ ಬೆನ್ನೂ ಪಕ್ಕೆಗಳೂ ಬೀಟೆಯವು: ಮಲೆನಾಡಿನ ಮನೆಗಳಲ್ಲಿ ಬಾಗಿಲೂ ಪೆಟ್ಟಿಗೆಯೂ ಆಗಿ, ಮೈಸೂರಿನ ಕುಶಲಿಗಳ ಕೈಯಲ್ಲಿ ಚಿತ್ತಾರದ ಫಲಕವಾಗಿ ಮೆರೆದ ಅದೇ ಮರ. ಬ್ರೆಜಿಲ್ ದೇಶವು ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತನ್ನು ಬಿಗಿಗೊಳಿಸಿದಾಗ ಅಮೆರಿಕದ ಹೆಸರಾಂತ ಮಾರ್ಟಿನ್ ಕಾರ್ಖಾನೆಯು 1969ರಲ್ಲಿ ದಕ್ಷಿಣ ಭಾರತದ ಈ ಬೀಟೆಯ ಕಡೆಗೆ ಹೊರಳಿತು; ಅಂದಿನಿಂದ ದೂರದೇಶದ ಅದೆಷ್ಟೋ ಹಾಡುಗಳ ಬೆನ್ನಿಗೆ ನಮ್ಮ ಸೀಮೆಯ ಕಾಡು ಇದೆಯೆಂಬ ನೆನಪು ನನಗೆ ಸಣ್ಣದೊಂದು ಹೆಮ್ಮೆ. ಆಷಾಢದ ಜಡಿಮಳೆಗೆ ಮೇಲ್ಹಲಗೆಯು ತೇವ ಹೀರಿ ಉಬ್ಬಿ, ಕುದುರೆಯನ್ನೆತ್ತಿ, ತಂತಿಗಳನ್ನು ಬೆರಳಿನಿಂದ ದೂರ ಒಯ್ಯುತ್ತದೆ. ಫಾಲ್ಗುಣದ ಒಣಹವೆಗೆ ಅದೇ ಹಲಗೆಯು ಕುಗ್ಗಿ ಕುಸಿದು ತಂತಿಗಳು ಮೆಟ್ಟಿಲಿಗೆ ತಾಗತೊಡಗುತ್ತವೆ. ದಂಡಿಯ ಅಂಚಿನಲ್ಲಿ ಮೆಟ್ಟಿಲುಗಳ ತುದಿಗಳು ಹೊರಚಾಚಿ ಅಂಗೈಯನ್ನು ಗೀರುತ್ತವೆ. ಪೆಟ್ಟಿಗೆಯೊಳಗಿನ ಆರ್ದ್ರತೆಯನ್ನು ಶೇಕಡಾ 45ರಿಂದ 55ರ ನಡುವೆ ಕಾಯ್ದುಕೊಳ್ಳಿರೆಂಬುದು ಬಲ್ಲವರ ಹಿತವಚನ. ಮಳೆಗಾಲದಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣವೂ ಬೇಸಗೆಯಲ್ಲಿ ಒದ್ದೆ ಸ್ಪಂಜಿನ ಡಬ್ಬಿಯೂ ಅದಕ್ಕೆ ಸಾಧನ. ಹೀಗೆ ಪಂಚಾಂಗವನ್ನು ನೋಡದೆಯೇ ಋತುಸಂಧಿಯನ್ನು ಹೇಳಬಲ್ಲ ಯೋಗ್ಯತೆಯು ನನಗೆ ಗಿಟಾರಿನ ದಂಡಿಯಿಂದ ಪ್ರಾಪ್ತವಾಗಿದೆ.

ಈ ಅಂಕಿಗಳೆಲ್ಲವನ್ನೂ ಕಂಠಪಾಠ ಮಾಡಿದವನಿಗೂ ಕೆಲಸವು ಮುಗಿಯದು. ಹನ್ನೆರಡನೆಯ ಮೆಟ್ಟಿಲಿನ ಮೇಲೆ ದಪ್ಪ ತಂತಿಗೆ ಎರಡೂವರೆ ಮಿಲಿಮೀಟರು, ಸಣ್ಣ ತಂತಿಗೆ ಎರಡಕ್ಕೆ ತುಸು ಕಡಮೆ ಎಂದು ಕೈಪಿಡಿಗಳು ಹೇಳುವುದು ಯಾರದೋ ಸರಾಸರಿ ಕೈಗೆ. ಮೆಲ್ಲನೆ ಮೀಟುವ ನನ್ನ ಬೆರಳಿಗೆ ಅದಕ್ಕಿಂತ ತಗ್ಗು ಒಪ್ಪುತ್ತದೆ. ನನ್ನ ಗಿಟಾರನ್ನೇ ಎತ್ತಿಕೊಂಡು ಬಲವಾಗಿ ಬಾರಿಸುವ ಸೋದರಳಿಯನ ಕೈಯಲ್ಲಿ ಅದೇ ತಂತಿಗಳು ಮೆಟ್ಟಿಲುಗಳಿಗೆ ಬಡಿದು ಕರ್ಕಶವಾಗುತ್ತವೆ. “ಮಾವಾ, ನಿಮ್ಮ ಗಿಟಾರು ಸರಿಯಿಲ್ಲ” ಎನ್ನುತ್ತಾನೆ ಅವನು. ನನ್ನ ಪಾಲಿಗೆ ಅದು ಅತ್ಯಂತ ಸರಿಯಾಗಿದೆಯೆಂಬುದಕ್ಕೆ ಅದಕ್ಕಿಂತ ಮಿಗಿಲಾದ ಪ್ರಮಾಣಪತ್ರವು ಬೇಕಿಲ್ಲ. ಬಲಕ್ಕೂ ಬಲಕ್ಕೂ, ಸ್ವರಕ್ಕೂ ಸ್ವರಕ್ಕೂ, ಮರಕ್ಕೂ ಮಳೆಗೂ ಏರ್ಪಟ್ಟ ಸಂಧಾನಗಳ ಸರಣಿಯಲ್ಲಿ ಕೊನೆಯದು ವಾದ್ಯಕ್ಕೂ ಒಂದು ನಿರ್ದಿಷ್ಟವಾದ ಕೈಗೂ ನಡುವಿನದು. ಅದನ್ನು ಕುದುರಿಸುವ ಅಧಿಕಾರವನ್ನು ನಿರ್ಮಾಪಕನು ನುಡಿಸುವವನಿಗೇ ಬಿಟ್ಟಿರುವುದು ಅವನ ಔದಾರ್ಯವೆಂದು ತಿಳಿದು, ನಾನು ಅದನ್ನು ವರ್ಷಕ್ಕೆರಡು ಬಾರಿ ಕೃತಜ್ಞತೆಯಿಂದ ಚಲಾಯಿಸುತ್ತೇನೆ.