ಹಾಳೂರ ದಿಣ್ಣೆ

ಅಜ್ಜಿಯ ರಾಗಿ ಹೊಲಕ್ಕೆ ಹೋಗುವ ದಾರಿಯಲ್ಲಿ ಒಂದು ದಿಣ್ಣೆ. ಎಲ್ಲರ ಬಾಯಲ್ಲೂ ಅದು ಹಾಳೂರ ದಿಣ್ಣೆ. ಮಳೆ ಬಿದ್ದು ಆರು ಕಟ್ಟಿದ ದಿನ ಅಲ್ಲಿ ನೇಗಿಲ ಸಾಲಿನುದ್ದಕ್ಕೂ ಮಡಕೆ ಚೂರುಗಳು ಮೇಲೆ ಬರುತ್ತಿದ್ದವು. ಕೆಂಪು, ಕಪ್ಪು, ಕೆಲವಕ್ಕೆ ಕಂಠದ ಸುತ್ತ ಉಗುರಿನಿಂದ ಗೀರಿದಂಥ ಗೆರೆ. ನಾವು ಮಕ್ಕಳು ಚಪ್ಪಟೆಯದನ್ನು ಆರಿಸಿ, ಕಲ್ಲಿಗೆ ಉಜ್ಜಿ ದುಂಡಗೆ ಮಾಡಿಕೊಂಡು ಕುಂಟೆಬಿಲ್ಲೆ ಆಡುತ್ತಿದ್ದೆವು. ಯಾರದೋ ಮನೆಯ ಅನ್ನದ ಮಡಕೆ ನನ್ನ ಬಿಲ್ಲೆಯಾಗಿತ್ತು.

ಒಂದು ಸಂಜೆ ಕೇಳಿದೆ: "ಆ ಊರು ಯಾಕಜ್ಜಿ ಹಾಳಾಯ್ತು?" ಬತ್ತಿ ಹೊಸೆಯುತ್ತಿದ್ದ ಅಜ್ಜಿಯ ಕೈ ನಿಂತಿತು. "ದೀಪ ಹಚ್ಚೋ ಹೊತ್ನಲ್ಲಿ ಆ ಮಾತು ಆಡಬ್ಯಾಡ ಮಗಾ. ಊರು ಎದ್ದೋಯ್ತು ಅನ್ನು."

ಅಂದಿನಿಂದ 'ಹಾಳು' ಎಂಬ ಆ ಮಾತು ನನ್ನನ್ನು ಬಿಟ್ಟಿಲ್ಲ. ಹಳಗನ್ನಡದಲ್ಲಿ ಅದು 'ಪಾೞ್'. ತಮಿಳರು, ಮಲಯಾಳಿಗಳು ಇವತ್ತಿಗೂ ಅದನ್ನು ಹಾಗೇ ಇಟ್ಟುಕೊಂಡಿದ್ದಾರೆ. ತೆಲುಗಿನವರಲ್ಲಿ ಅದು 'ಪಾಡು'. ನಮ್ಮಲ್ಲಿ ಮಾತ್ರ ಪದದ ಎರಡೂ ತುದಿ ಸವೆದವು. ಪಾಲ್ ಹಾಲಾದಂತೆ, ಪುಲಿ ಹುಲಿಯಾದಂತೆ ಮೊದಲ 'ಪ' ಹೋಗಿ 'ಹ' ಬಂತು. ಕೊನೆಯ 'ೞ' ಮೆಲ್ಲಗೆ 'ಳ'ದೊಳಗೆ ಕರಗಿತು. 13ನೆಯ ಶತಮಾನದಲ್ಲಿ ವ್ಯಾಕರಣಕಾರ ಕೇಶಿರಾಜ 'ಶಬ್ದಮಣಿದರ್ಪಣ' ಬರೆಯುವಾಗ ಳಕಾರಗಳನ್ನು ರೞ, ಕುಳ, ಕ್ಷಳ ಎಂದು ಬಗೆಮಾಡಿ, ಯಾವ ಪದದಲ್ಲಿ ಯಾವುದು ಎಂದು ತಿಳಿಹೇಳಬೇಕಾಯಿತು. ಕೈಜಾರುತ್ತಿದ್ದ ಅಕ್ಷರಕ್ಕೆ ಆತ ಪಟ್ಟಿ ಮಾಡಿದ್ದನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ.

'ಹಾಳು ಹಂಪೆ' ಎನ್ನುತ್ತೇವಲ್ಲ, ಅಲ್ಲಿ ಎರಡು ಪದಗಳೂ ಒಂದೇ ಪೆಟ್ಟು ತಿಂದಿವೆ. ಪಂಪಾ ಹಂಪೆಯಾಯಿತು, ಪಾೞ್ ಹಾಳಾಯಿತು. ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದರ ಊರನ್ನೇ ನೋಡಿ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಹೆಸರು ಆ ಕಲ್ಲಿನ ಮೇಲೆ ಇರುವುದು 'ಪ'ಕಾರದಿಂದಲೇ. ಊರು ಉಳಿಯಿತು, ಊರಿನ ಹೆಸರಿನ ಮೊದಲಕ್ಷರ ಕಲ್ಲಿನಲ್ಲಿ ಉಳಿಯಿತು.

ಸಂಸ್ಕೃತದಿಂದ ಬಂದ 'ಅವಶೇಷ' ಇದೆ. ಒಳ್ಳೆಯ ಪದವೇ, ಫಲಕಗಳ ಮೇಲೆ ಒಪ್ಪುತ್ತದೆ. ಆದರೆ ಅದು ಉಳಿದದ್ದನ್ನು ಎಣಿಸುವ ಪದ: ಇಷ್ಟು ಕಂಬ, ಇಷ್ಟು ತೊಲೆ. 'ಹಾಳು' ಎಣಿಸುವುದು ಹೋದವರನ್ನು. ಗೋಡೆ, ಸೂರು ಎಲ್ಲ ಗಟ್ಟಿಯಾಗಿರುವ ಮನೆಯಲ್ಲೂ ಮಕ್ಕಳು ರಜೆ ಮುಗಿಸಿ ಹೊರಟ ದಿನ "ಮನೆ ಹಾಳು ಸುರೀತಿದೆ" ಎನ್ನುತ್ತೇವೆ. ಇಲ್ಲದಿರುವುದು ಮಳೆಯ ಹಾಗೆ ಸುರಿಯುತ್ತದೆ ಎಂದ ಆ ಮೊದಲ ಬಾಯಿ ಯಾವುದೋ, ಅದಕ್ಕೆ ನನ್ನ ನಮಸ್ಕಾರ. ಹಾಗಾಗಿಯೇ 'ಹಾಳು ಹಂಪೆ' ಎಂಬ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. 1565ರ ಯುದ್ಧದ ಬಳಿಕ ಬಜಾರುಗಳು ಬರಿದಾದದ್ದು ನಿಜ. ಆದರೆ ವಿರೂಪಾಕ್ಷನ ಗುಡಿಯಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ, ಮದುವೆ ನಡೆಯುತ್ತದೆ. ಗಂಟೆ ಕೇಳಿಸುವ ಊರನ್ನು ಹಾಳು ಎನ್ನುವುದು ಹೇಗೆ?

ಚದುರಿಹೋದದ್ದಕ್ಕೆ ಕನ್ನಡದಲ್ಲಿ ನನಗೆ ಅತಿ ಪ್ರಿಯವಾದ ಮಾತು 'ಅಳಿದುಳಿದ'. ಅಳಿ, ಉಳಿ. ಹಳಗನ್ನಡದಲ್ಲಿ ಎರಡರಲ್ಲೂ ಅದೇ 'ೞ' ಇತ್ತು: ಅೞಿ, ಉೞಿ. ನಾಶಕ್ಕೂ ಉಳಿವಿಗೂ ನಡುವೆ ಒಂದು ಸ್ವರದಷ್ಟೇ ಅಂತರ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಮದುವೆ ಮನೆಯ ಮಾರನೆಯ ದಿನ ಅಳಿದುಳಿದ ಅಡುಗೆ, ಪಾಲು ಮುಗಿದ ಮೇಲೆ ಅಳಿದುಳಿದ ಪಾತ್ರೆ, ದಾಯಾದಿಗಳೆಲ್ಲ ಪಟ್ಟಣ ಸೇರಿದ ಮೇಲೆ ಅಳಿದುಳಿದ ನಾಲ್ಕು ಮನೆ. ಕಲ್ಲಾದ ಜೀವಿಗಳಿಗೆ ಕನ್ನಡದಲ್ಲಿ ಹೆಸರು ಕಟ್ಟಿದವರು 'ಹಳೆಯುಳಿಕೆ' ಎನ್ನಬಹುದಿತ್ತು. ಹಾಗೆನ್ನದೆ 'ಪಳೆಯುಳಿಕೆ' ಎಂದರು. ನುಡಿಯ ಮಣ್ಣಿನಡಿ ಹೂತಿದ್ದ 'ಪ'ವನ್ನೇ ಅಗೆದು ತೆಗೆದು ಆ ಪದದ ತಲೆಗಿಟ್ಟರು. ಶಾಲೆಯ ಪುಸ್ತಕದಲ್ಲಿ ಆ ಪದ ಕಂಡಾಗ ನನಗೆ ನೆನಪಾದದ್ದು ನೇಗಿಲ ತುದಿಗೆ ಸಿಕ್ಕ ಚೂರು.

ದೊಡ್ಡವನಾದ ಮೇಲೆ ಜಮೀನಿನ ಕಾಗದ ನೋಡಲು ಕೂತಾಗ ಆ ದಿಣ್ಣೆಯ ಭಾಗ ಇನ್ನೊಂದೇ ಗ್ರಾಮದ ಹೆಸರಿನಲ್ಲಿತ್ತು. ಹೆಸರಿನ ಮುಂದೆ 'ಬೇಚರಾಕ್' ಎಂದಿತ್ತು. ಜನವಸತಿಯಿಲ್ಲದ ಗ್ರಾಮಕ್ಕೆ ಕಂದಾಯದವರು ಹೇಳುವ ಮಾತು ಅದು. ಎಷ್ಟೋ ಸಲ ಕೇಳಿದ್ದೆ, ಒಡೆದು ನೋಡಿರಲಿಲ್ಲ. ಮೂಲ ಪಾರಸಿ: 'ಬೇ' ಎಂದರೆ ಇಲ್ಲದ, 'ಚಿರಾಗ್' ಎಂದರೆ ದೀಪ. ದೀಪವಿಲ್ಲದ್ದು. ಎಲ್ಲಿಯ ಪಾರಸಿ, ಎಲ್ಲಿಯ ನಮ್ಮಜ್ಜಿ! ಬತ್ತಿ ಹಿಡಿದು ನಿಂತ ಆ ಕೈ ಕಣ್ಣಮುಂದೆ ಬಂತು. ದೀಪ ಹಚ್ಚುವ ಹೊತ್ತಿಗೂ ಹಾಳು ಎಂಬ ಮಾತಿಗೂ ಆಗದು ಎಂದು ಓದು ಬಾರದ ಆಕೆಗೆ ಗೊತ್ತಿತ್ತು.

ದಿಣ್ಣೆಯ ನೆತ್ತಿಯಲ್ಲಿ ಸೂರಿಲ್ಲದ ಒಂದು ಆಂಜನೇಯನ ಕಲ್ಲಿದೆ. ಕಾರ್ತಿಕದಲ್ಲಿ ಅಜ್ಜಿ ಅಲ್ಲಿಗೆ ಎಣ್ಣೆ ಒಯ್ಯುತ್ತಿದ್ದಳು. ಹಣತೆ ತರುವುದು ಮರೆತ ವರ್ಷ ಸಾಲಿನಲ್ಲೇ ಬಾಗಿ, ಸ್ವಲ್ಪ ಗುಳಿಬಿದ್ದ ಒಂದು ಚೂರನ್ನು ಹೆಕ್ಕಿ, ಸೆರಗಿನಲ್ಲಿ ಮಣ್ಣು ಒರೆಸಿ, ಅದರಲ್ಲೇ ಎಣ್ಣೆ ಸುರಿದು ಬತ್ತಿ ಇಟ್ಟಳು. ಗಾಳಿಗೆ ಅಂಗೈ ಅಡ್ಡ ಹಿಡಿದು ನಾನು ಪಕ್ಕದಲ್ಲಿ ಕೂತಿದ್ದೆ.