ಮುಗಳಖೋಡದ ದಾರಿಯಲ್ಲಿ ಮೂಗಿಗೊಂದು ವಿಜ್ಞಾನ ಪಾಠ

ಬೆಳಗಾವಿ ಜಿಲ್ಲೆ ರಾಯಬಾಗ ತಾಲ್ಲೂಕಿನ ಮುಗಳಖೋಡವೆಂದರೆ ಭಕ್ತರಿಗೆ ಯಲ್ಲಾಲಿಂಗ ಮಹಾರಾಜರ ಮಠ ನೆನಪಾಗುತ್ತದೆ; ರೈತರಿಗೆ ಕಬ್ಬು. ಘಟಪ್ರಭಾ ಎಡದಂಡೆ ಕಾಲುವೆಯ ನೀರು ಈ ಸೀಮೆಯ ಹೊಲಗಳ ಬಣ್ಣವನ್ನೇ ಬದಲಿಸಿದೆ. ಕಬ್ಬು ಕಡಿಯುವ ಚಳಿಗಾಲದಲ್ಲಿ ಇತ್ತ ಬಂದವರಿಗೆ ಮೊದಲು ಎದುರಾಗುವುದು ವಾಸನೆಗಳು: ಸುಟ್ಟ ರವದಿಯ ಹೊಗೆ, ಗಾಣದಿಂದ ಬರುವ ಬೆಲ್ಲದ ಘಮ, ಜೋಡಿ ಟ್ರಾಲಿ ಎಳೆಯುವ ಟ್ರ್ಯಾಕ್ಟರಿನ ಡೀಸೆಲ್ ಕಮಟು. ಇವುಗಳ ನಡುವೆ ತಮ್ಮ ಕಾರಿನದೇ ವಾಸನೆಯನ್ನು ಬೇರ್ಪಡಿಸುವುದು ಸುಲಭವಲ್ಲ. ಆದರೂ ಅದು ಅಗತ್ಯ. ಮಕ್ಕಳುಮರಿ ಸಮೇತ ಹೊರಟವರ ಕ್ಷೇಮ ಅದರಲ್ಲಿದೆ.

ರಾತ್ರಿ ತಂಗಿ, ನಸುಕಿನಲ್ಲಿ ಕಾರು ಚಾಲೂ ಮಾಡಿದಾಗ ಪೆಟ್ರೋಲಿನ ವಾಸನೆ ಬರುವುದುಂಟು. ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗದ ಕಾರಣ ಹೆಚ್ಚು ಇಂಧನ ಬೇಕು. ಅದರಲ್ಲಿ ಒಂದಿಷ್ಟು ಉರಿಯದೆ ಹೊರಬೀಳುತ್ತದೆ. ಒಂದೆರಡು ನಿಮಿಷದಲ್ಲಿ ವಾಸನೆ ಅಡಗಿದರೆ ಚಿಂತೆಯಿಲ್ಲ. ಅಡಗದಿದ್ದರೆ ಎಲ್ಲೋ ಸೋರಿಕೆಯಿದೆ. ಕೂಡಲೇ ಎಂಜಿನ್ ನಿಲ್ಲಿಸಿ, ಎಲ್ಲರೂ ಕೆಳಗಿಳಿದು ದೂರ ಸರಿಯಬೇಕು. ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು. ಇಲ್ಲೊಂದು ಕುತೂಹಲದ ಸಂಗತಿಯಿದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಎಥನಾಲ್ ತಯಾರಾಗುತ್ತದೆ. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇ. 20ಕ್ಕೆ ಮುಟ್ಟಿತು. ಹಳೆಯ ಕಾರುಗಳ ಕೆಲವು ರಬ್ಬರ್ ಕೊಳವೆಗಳು ಈ ಮಿಶ್ರಣಕ್ಕೆಂದು ಮಾಡಿದವಲ್ಲ. ಅವನ್ನು ಆಗಾಗ ಪರೀಕ್ಷಿಸಿ, ಬಿರುಕು ಕಂಡರೆ ಬದಲಿಸುವುದು ಜಾಣತನ.

ಇನ್ನು ಸಿಹಿ ವಾಸನೆ. ಗಾಣದ ಊರಿನಲ್ಲಿ ಇದನ್ನು ಬೆಲ್ಲವೆಂದು ಭಾವಿಸಿ ಮುಂದೆ ಸಾಗುವವರೇ ಹೆಚ್ಚು! ಊರು ದಾಟಿದರೂ ವಾಸನೆ ಹಿಂಬಾಲಿಸಿದರೆ ಅದು ರೇಡಿಯೇಟರಿನ ಕೂಲೆಂಟ್. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನೆಲಕ್ಕೆ ಸೋರಿದ್ದನ್ನು ಮಕ್ಕಳಾಗಲಿ ನಾಯಿಗಳಾಗಲಿ ಮುಟ್ಟದಂತೆ ನೋಡಿಕೊಳ್ಳಬೇಕು. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬಾರದು. ಮನೆಯ ಕುಕ್ಕರಿನಂತೆ ಅದರೊಳಗೂ ಒತ್ತಡವಿರುತ್ತದೆ. 100 ಡಿಗ್ರಿಗಿಂತ ಬಿಸಿಯಾದ ದ್ರವ ಮುಖಕ್ಕೆ ಚಿಮ್ಮೀತು.

ಕೊಳೆತ ಮೊಟ್ಟೆಯ ನಾತ ಬಂದರೆ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲವನ್ನು ನೆನೆಯಬೇಕು. ಅತಿಯಾಗಿ ಚಾರ್ಜ್ ಆಗುವ ಬ್ಯಾಟರಿ ಇದಕ್ಕೆ ಒಂದು ಕಾರಣ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತುದಿಗಳ ನಡುವೆ ಸಾಮಾನ್ಯವಾಗಿ ಸುಮಾರು 14 ವೋಲ್ಟ್ ಇರುತ್ತದೆ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆಯೆಂದು ಶಂಕಿಸಬಹುದು. ಆಗ ಬ್ಯಾಟರಿಯಿಂದ ಜಲಜನಕವೂ ಹೊರಬರುವುದರಿಂದ ಒಂದು ಕಿಡಿ ಸಾಕು, ಅದು ಸಿಡಿಯಲು. ನಾತ ನಿಂತಿತೆಂದು ಸಮಾಧಾನಪಡುವಂತಿಲ್ಲ. ಈ ಅನಿಲದಿಂದ ಮೂಗೇ ಮರಗಟ್ಟುತ್ತದೆ.

ಸುಟ್ಟ ರಬ್ಬರಿನ ವಾಸನೆಯೊಂದಿಗೆ ಕಿರುಚುವ ಸದ್ದು ಕೇಳಿದರೆ ಬೆಲ್ಟ್ ಸಡಿಲಾಗಿ ಜಾರುತ್ತಿದೆ. ಸುಟ್ಟ ಪ್ಲಾಸ್ಟಿಕ್ ವಾಸನೆಯಾದರೆ ವೈರು ಕಾದಿದೆ. ಕಬ್ಬಿನ ಹೊಲದ ಇಲಿಗಳು ಬೆಚ್ಚಗಿನ ಬಾನೆಟ್ಟಿನೊಳಗೆ ಸೇರಿ ವೈರು ಕಡಿಯುತ್ತವೆ. ಹೊಲದ ಪಕ್ಕ ರಾತ್ರಿ ಕಾರು ನಿಲ್ಲಿಸಿದವರು ಕೀಲಿ ತಿರುಗಿಸುವ ಮೊದಲು ಬಾನೆಟ್ ಎತ್ತಿ ನೋಡುವುದೊಳ್ಳೆಯದು. ಫ್ಯೂಸ್ ಹೋಗಿದ್ದರೆ ದಪ್ಪ ತಂತಿ ಕಟ್ಟಿ ಓಡಿಸುವ ಜಾಣ್ಮೆ ಬೇಡ. ಫ್ಯೂಸ್ ಇರುವುದೇ ಉಳಿದುದನ್ನು ಕಾಯಲು.

ಒಣ ರವದಿಯ ಮೇಲೆ ಕಾರು ನಿಲ್ಲಿಸುವುದೂ ಅಪಾಯಕರ. ಓಡಿ ಬಂದ ಕಾರಿನ ಕೆಳಗಿರುವ ಕ್ಯಾಟಲಿಟಿಕ್ ಕನ್ವರ್ಟರ್ ನೂರಾರು ಡಿಗ್ರಿ ಕಾದಿರುತ್ತದೆ. ರವದಿ ಹೊತ್ತಿಕೊಳ್ಳಲು ಅಷ್ಟು ಸಾಕು. ಆಗ ಬರುವ ಸುಟ್ಟ ಎಲೆಯ ವಾಸನೆಯನ್ನು ಪಕ್ಕದ ಹೊಲದ್ದೆಂದು ತಿಳಿದರೆ ಕಾರೂ ಹೋಯಿತು, ಬೆಳೆಯೂ ಹೋಯಿತು.

ಇಷ್ಟು ವಾಸನೆಗಳನ್ನು ಪತ್ತೆಹಚ್ಚುವ ಮೂಗಿಗೆ ಎಲ್ಲಕ್ಕಿಂತ ಘಾತಕವಾದ ಅನಿಲವೇ ಸಿಗುವುದಿಲ್ಲ. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿ ಬಲವಾಗಿ ಹಿಡಿದುಕೊಳ್ಳುತ್ತದೆ. ಜಾತ್ರೆ, ಯಾತ್ರೆಗಳಿಗೆ ಹೋದಾಗ ಕಿಟಕಿ ಏರಿಸಿ, ಎಂಜಿನ್ ಓಡಿಸುತ್ತ ಕಾರಿನಲ್ಲೇ ಮಲಗುವ ರೂಢಿ ಹಲವರಿಗಿದೆ. ಮುಚ್ಚಿದ ಶೆಡ್ಡಿನಲ್ಲಿ ಬೆಳಿಗ್ಗೆ ಎಂಜಿನ್ ಕಾಯಿಸುವವರೂ ಇದ್ದಾರೆ. ಎರಡನ್ನೂ ಬಿಡಬೇಕು. ತಲೆನೋವು, ತಲೆಸುತ್ತು, ಓಕರಿಕೆ ಕಂಡರೆ ತಕ್ಷಣ ತೆರೆದ ಗಾಳಿಗೆ ಬಂದು ವೈದ್ಯರಲ್ಲಿಗೆ ಹೋಗಬೇಕು.

ಮುಂದಿನ ಬಾರಿ ಮುಗಳಖೋಡಕ್ಕೆ ಹೊರಡುವ ತಂದೆತಾಯಿಗಳು ಕೀಲಿ ತಿರುಗಿಸುವಾಗ ಮಕ್ಕಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಲಿ. ವಾಸನೆ ಯಾವುದು, ಯಾವಾಗ ಬಂತು, ಎಷ್ಟು ಹೊತ್ತು ಉಳಿಯಿತು ಎಂದು ಅವರಿಂದಲೇ ಒಂದು ಚೀಟಿಯಲ್ಲಿ ಬರೆಸಲಿ. ಆ ಚೀಟಿ ಮೆಕ್ಯಾನಿಕನ ಅರ್ಧ ಕೆಲಸವನ್ನು ಮುಗಿಸುತ್ತದೆ.